ನಾಲ್ಕನೇ ವಾರ್ಡಿನ ಉಪ್ಪು

ನಮ್ಮ ಊರಿನಲ್ಲಿ ಕ್ಯಾನ್ಸರ್ ಶುರುವಾದವರ ನಾಲಿಗೆಗೆ ಉಪ್ಪು ಸಿಹಿಯಾಗುತ್ತದೆ. ಬೇರೆ ಊರುಗಳಲ್ಲಿ ಹಾಗಿಲ್ಲವಂತೆ. ಅಲ್ಲಿ ಗಂಟು ಕೈಗೆ ಸಿಗುವವರೆಗೆ, ರಕ್ತ ಬೀಳುವವರೆಗೆ ಜನ ಏನೂ ತಿಳಿಯದೆ ಓಡಾಡಿಕೊಂಡಿರುತ್ತಾರಂತೆ. ಪಾಪ ಅನ್ನಿಸುತ್ತದೆ. ನಮ್ಮಲ್ಲಿ ಒಂದು ಬೆಳಿಗ್ಗೆ ಉಪ್ಪಿಟ್ಟು ಪಾಯಸದ ಹಾಗೆ ರುಚಿಸಿದರೆ ಮುಗಿಯಿತು, ಗೊತ್ತಾಗಿಬಿಡುತ್ತದೆ. ಅದಕ್ಕೇ ವರ್ಷಕ್ಕೊಮ್ಮೆ, ಕಾರ್ತಿಕದಿಂದ ಶುರುಮಾಡಿ, ನಲವತ್ತು ವಾರ್ಡುಗಳಿಗೂ ಒಂದೊಂದು ದಿನದ ಹಾಗೆ ಉಪ್ಪು ಹಾಕುತ್ತಾರೆ. ಹದಿನೆಂಟು ದಾಟಿದವರೆಲ್ಲ ಪುರಸಭೆಯ ಚಾವಡಿಗೆ ಬಂದು ನಾಲಿಗೆ ಚಾಚಬೇಕು. ಚಿಟಿಕೆ ಉಪ್ಪು ಬಿದ್ದು ಮೂರು ಎಣಿಸುವಷ್ಟರಲ್ಲಿ ‘ಉಪ್ಪು’ ಅಥವಾ ‘ಸಿಹಿ’ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಬೇಕು. ಸಿಹಿ ಎಂದವರ ಹೆಸರು ದಪ್ಪ ಪುಸ್ತಕಕ್ಕೆ, ಅವರು ಮರುದಿನವೇ ಆಸ್ಪತ್ರೆಗೆ. ಪುಸ್ತಕದಲ್ಲಿ ಹೆಸರಿಲ್ಲದವರನ್ನು ಆಸ್ಪತ್ರೆ ಸೇರಿಸಿಕೊಳ್ಳುವುದಿಲ್ಲ. ಆ ಉಪ್ಪು ಹಾಕುವವನೂ ಪುಸ್ತಕ ಬರೆಯುವವನೂ ನಾನೇ. ಮೂವತ್ತೊಂದು ವರ್ಷದಿಂದ ಇದೇ ಕೆಲಸ. ಊರಲ್ಲಿ ನನ್ನನ್ನು ಉಪ್ಪಿನ ರಾಚಪ್ಪ ಅನ್ನುತ್ತಾರೆ; ನನಗೆ ಆ ಹೆಸರು ಸೇರುವುದಿಲ್ಲ, ಆದರೆ ಕೇಳುವವರು ಯಾರು.

ಚಾವಡಿಯ ಗೋಡೆಯ ಮೇಲೆ ಒಂದೇ ಒಂದು ನಿಯಮ ಬರೆದಿದೆ: ಒಬ್ಬರ ರುಚಿಯನ್ನು ಇನ್ನೊಬ್ಬರು ಹೇಳಕೂಡದು. ಗಂಡ ಹೆಂಡತಿಯದನ್ನು ಹೇಳುವಂತಿಲ್ಲ, ಡಾಕ್ಟರು ರೋಗಿಯದನ್ನು ಹೇಳುವಂತಿಲ್ಲ. ಅವರವರ ಬಾಯಿಂದ ಬಂದದ್ದನ್ನು ಮಾತ್ರ ನಾನು ಬರೆಯಬೇಕು.

ನನ್ನ ಟೇಬಲ್ಲಿನ ಹಿಂದಿನ ಗೋಡೆಗೆ ಗ್ರಾಫ್ ಕಾಗದ ಅಂಟಿಸಿದ್ದೇವೆ. ನನಗಿಂತ ಮೊದಲಿದ್ದ ಗುಮಾಸ್ತರು ಶುರುಮಾಡಿದ್ದು, ನಾನು ಮುಂದುವರಿಸಿದ್ದು. ನಲವತ್ತನಾಲ್ಕು ವರ್ಷದ ಕೆಂಪು ಪೆನ್ಸಿಲ್ಲಿನ ಗೆರೆ. ಮೊದಲ ವರ್ಷ ಹತ್ತು ಸಾವಿರ ಜನಕ್ಕೆ ಹನ್ನೊಂದು. ಆಮೇಲೆ ಹದಿನೇಳು, ಇಪ್ಪತ್ತಾರು, ಮೂವತ್ತೆಂಟು. ಮೊದಮೊದಲು ಗಂಡಸರಲ್ಲಿ ಬಾಯಿ, ಗಂಟಲಿನದೇ ಹೆಚ್ಚು. ಹೆಂಗಸರಲ್ಲಿ ಗರ್ಭಕೋಶದ ಬಾಯಿಯದು. ಬರಬರುತ್ತ ಎದೆಯದು ಅದನ್ನು ಹಿಂದೆ ಹಾಕಿತು. ಗೆರೆ ಏರಿದಾಗಲೆಲ್ಲ ಜನ ನನ್ನನ್ನೇ ಬೈದರು, ನಾನೇ ಚಮಚದಲ್ಲಿ ರೋಗ ಹಂಚುತ್ತಿದ್ದೇನೆ ಅನ್ನುವ ಹಾಗೆ. ನಾನು ಹೇಳಿ ಹೇಳಿ ಸೋತೆ: ಹಿಂದೆ ಕಾಲರಾ, ವಾಂತಿಭೇದಿ ಅಂತ ನಲವತ್ತಕ್ಕೇ ಹೋಗುತ್ತಿದ್ದ ಜನ ಈಗ ಎಪ್ಪತ್ತು ದಾಟುತ್ತಾರೆ, ಈ ರೋಗ ವಯಸ್ಸಾದವರನ್ನೇ ಹೆಚ್ಚು ಹುಡುಕುತ್ತದೆ, ಹಿಂದೆ ಚಾವಡಿಗೆ ಬಾರದ ಹೆಂಗಸರು ಈಗ ಬರುತ್ತಾರೆ, ಅದನ್ನೆಲ್ಲ ಕಳೆದ ಮೇಲೂ ಒಂದಿಷ್ಟು ಏರಿಕೆ ಉಳಿಯುತ್ತದೆ, ಅದಕ್ಕೆ ಮೊದಲು ನಿಮ್ಮ ಜೇಬಿನ ತಂಬಾಕಿನ ಚೀಲ ಬಿಸಾಕಿ ಅಂತ. ಯಾರೂ ಬಿಸಾಕಲಿಲ್ಲ.

ಆಗ ನನಗೊಂದು ಬುದ್ಧಿ ಹೊಳೆಯಿತು. ಹಾಳು ಬುದ್ಧಿ. ಉಪ್ಪು ಎಂದವರಿಗೆಲ್ಲ ಠಸ್ಸೆ ಒತ್ತಿದ ಒಂದು ಚೀಟಿ ಕೊಟ್ಟರೆ ಜನ ಹುರುಪಿನಿಂದ ಬರುತ್ತಾರೆ ಎಂದು ನಾನೇ ಪುರಸಭೆಗೆ ಬರೆದುಕೊಟ್ಟೆ. ಬಂದರು, ತಂಡೋಪತಂಡವಾಗಿ ಬಂದರು. ಚೀಟಿಗೆ ಕಟ್ಟು ಹಾಕಿಸಿ ದೇವರ ಫೋಟೋದ ಪಕ್ಕ ತೂಗುಹಾಕಿದರು. ಎರಡು ವರ್ಷದಲ್ಲಿ ಬಾಡಿಗೆ ಮನೆ ಕೊಡುವವರು ಚೀಟಿ ಕೇಳಿದರು, ಕೆಲಸ ಕೊಡುವವರು ಕೇಳಿದರು, ಹೆಣ್ಣು ನೋಡಲು ಬಂದವರು ಹುಡುಗಿಯದಷ್ಟೇ ಅಲ್ಲ, ತಾಯಿಯದು, ಸೋದರತ್ತೆಯದು ಕೇಳಿದರು. ಮತ್ತು ಗೆರೆ ಇಳಿಯತೊಡಗಿತು. ಮೂವತ್ತೆಂಟು ಇದ್ದದ್ದು ಏಳು ವರ್ಷದಲ್ಲಿ ಒಂಬತ್ತಕ್ಕೆ ಬಂತು. ಪುರಸಭೆಯವರು ನನಗೆ ಶಾಲು ಹೊದಿಸಿದರು. ನಾನು ಹೊದ್ದುಕೊಂಡೆ. ಆ ಫೋಟೋದಲ್ಲಿ ನನ್ನ ಮುಖ ನೋಡಿದರೆ ಈಗ ನನಗೇ ಹೊಡೆಯಬೇಕು ಅನ್ನಿಸುತ್ತದೆ.

ನನ್ನ ಕಣ್ಣು ತೆರೆಸಿದವಳು ಪಕ್ಕದ ಟೇಬಲ್ಲಿನ ಹಸೀನಾಬಾನು. ಅವಳದು ಜನನ ಮರಣದ ಪುಸ್ತಕ. ಒಂದು ದಿನ ಬುತ್ತಿ ಬಿಚ್ಚುತ್ತ ಅಂದಳು, “ರಾಚಪ್ಪಣ್ಣಾರ, ನಿಮ್ಮ ಗೆರಿ ಇಳಿಯಾಕತ್ತೈತಿ. ನನ್ನ ಪುಸ್ತಕದಾಗ ಕ್ಯಾನ್ಸರ್ ಅಂತ ಬರದಿದ್ದು ಮಾತ್ರ ಇಳೀವಲ್ದು. ಇವರೆಲ್ಲ ಯಾವೂರಾಗ ಬ್ಯಾನಿ ಬಿದ್ದು ನಮ್ಮೂರಿಗೆ ಸಾಯಾಕ ಬರ್ತಾರ?” ನಾನು ನಕ್ಕೆ. ಆಮೇಲೆ ನಗು ನಿಂತಿತು. ಇಬ್ಬರೂ ಕೂತು ಎರಡು ಪುಸ್ತಕಗಳ ಹೆಸರು ತಾಳೆ ನೋಡಿದೆವು. ಸತ್ತವರಲ್ಲಿ ಮುಕ್ಕಾಲು ಪಾಲು ಜನ ನನ್ನ ಕೈಯಿಂದಲೇ ಚೀಟಿ ಪಡೆದವರು. ಕೊನೆಯ ತಿಂಗಳಲ್ಲಿ, ಮುಚ್ಚಿಡಲಾಗದಾಗ ಓಡಿ ಬಂದು ಹೆಸರು ಬರೆಸಿದವರು, ಇಲ್ಲವೇ ಅದೂ ಇಲ್ಲದೆ ಮನೆಯಲ್ಲೇ ಹೋದವರು. ಅಧ್ಯಕ್ಷರಿಗೆ ತೋರಿಸಿದರೆ, “ಇಳಿದದ್ದು ನಿಮಗ್ಯಾಕ ಸೇರವಲ್ದು ಮಾರಾಯಾ?” ಅಂದರು. ಆಸ್ಪತ್ರೆಯ ಇಪ್ಪತ್ತು ಮಂಚದ ಕ್ಯಾನ್ಸರ್ ವಾರ್ಡು ಅರ್ಧ ಖಾಲಿ ಇದೆ, ಈ ವರ್ಷದ ಉಪ್ಪು ಮುಗಿದ ಮೇಲೆ ಅದನ್ನು ಕಲ್ಯಾಣ ಮಂಟಪ ಮಾಡೋಣ ಎಂಬ ಠರಾವು ಆಗಲೇ ಅವರ ಮೇಜಿನ ಮೇಲಿತ್ತು.

ಇಷ್ಟಾದರೂ ನಾನು ಸುಮ್ಮನೆ ಇರುತ್ತಿದ್ದೆನೋ ಏನೋ. ನನ್ನಂಥ ಗುಮಾಸ್ತರು ಸಾಮಾನ್ಯವಾಗಿ ಸುಮ್ಮನೇ ಇರುತ್ತಾರೆ. ಆದರೆ ದಸರೆ ಕಳೆದ ವಾರ ನನ್ನ ಹೆಂಡತಿ ನೀಲಗಂಗಾ ಸಾರಿಗೆ ಉಪ್ಪು ಹಾಕುವುದನ್ನು ನೋಡಿದೆ. ಇಪ್ಪತ್ತೆಂಟು ವರ್ಷ ಅವಳು ಡಬ್ಬಿಗೆ ಕೈ ಹಾಕಿ, ಎಲ್ಲೋ ನೋಡುತ್ತ, ಯಾರ ಜೊತೆಗೋ ಮಾತಾಡುತ್ತ ಉಪ್ಪು ಎಸೆದವಳು. ಆಮೇಲೆ ಅಂಗೈಗೆ ಒಂದು ಹನಿ ಬಿಟ್ಟುಕೊಂಡು ನೆಕ್ಕಿ ತಲೆ ಆಡಿಸಿದವಳು. ಅವತ್ತು ಚಮಚದಿಂದ ಅಳೆದು, ಅಂಚನ್ನು ಬೆರಳಿನಿಂದ ಸಮ ಮಾಡಿ ಹಾಕಿದಳು. ನೆಕ್ಕಲಿಲ್ಲ. ನಮ್ಮ ಮಗಳು ಸುವರ್ಣಾಳನ್ನು ಕರೆದು, “ರುಚಿ ನೋಡವ್ವಾ, ಸರಿ ಐತೇನು?” ಎಂದು ಕೇಳಿದಳು.

ಮಗಳು ಶಾಲೆಗೆ ಪಾಠ ಹೇಳಲು ಹೋದ ಮೇಲೆ ಕೇಳಿದೆ, “ಚಮಚ ಯಾಕ ಬಂತು?”

“ವಯಸ್ಸಾತಲ್ರಿ. ಕೈ ಅಳತಿ ತಪ್ಪತೈತಿ.”

“ನೀಲಾ, ನಾಲಿಗಿ ಚಾಚು ನೋಡೂಣು.”

“ಮನ್ಯಾಗ ನೀವು ಗುಮಾಸ್ತ ಅಲ್ರಿ. ಚಾವಡಿಗೆ ಬಂದಾಗ ಚಾಚತೀನಿ.”

“ಅಲ್ಲಿ ಏನಂತಿ?”

ಅವಳು ಸೌಟು ಕೆಳಗಿಟ್ಟಳು. “ಉಪ್ಪು ಅಂತೀನಿ. ಮತ್ತೇನನ್ಲಿ? ವೈಶಾಖದಾಗ ಮಗಳ ಮದುವಿ ಐತಿ. ಬೀಗರು ತಾಯಿ ಚೀಟಿ ಕೇಳ್ಯಾರ. ಅಲ್ಲಿತನ ನನಗೇನೂ ಆಗಿಲ್ಲ. ಆಮ್ಯಾಲ ನೀವು ಎಲ್ಲಿ ಕರದ್ರ ಅಲ್ಲಿ ಬರ್ತೀನಿ.” ಬೀಗರಾಗಬೇಕಾದವರು ನಮ್ಮ ನಾಲ್ಕನೇ ವಾರ್ಡಿನ ಮೆಂಬರ್ ಶಿವಪುತ್ರಪ್ಪ, ಇಟ್ಟಿಗೆ ಭಟ್ಟಿಯ ಒಡೆಯರು, ಚೀಟಿ ಇಲ್ಲದ ಮನೆಯ ನೀರೂ ಕುಡಿಯದ ಮನುಷ್ಯ. ಕಾರ್ತಿಕದಿಂದ ವೈಶಾಖಕ್ಕೆ ಆರು ತಿಂಗಳು. ಆರು ತಿಂಗಳು ಅಂದರೆ ಏನೆಂದು ಈ ಊರಿನಲ್ಲಿ ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಮೊದಲ ತಿಂಗಳಲ್ಲಿ ಬಂದವರ ಹೆಸರಿನ ಮುಂದೆ ‘ಉಪ್ಪು ಮರಳಿತು’, ಅಂದರೆ ವಾಸಿಯಾಯಿತು, ಎಂದು ಎಷ್ಟೋ ಸಲ ಬರೆದಿದ್ದೇನೆ. ಆರು ತಿಂಗಳು ಕಳೆದು ಬಂದವರ ಹೆಸರಿನ ಮುಂದೆ ಬರೆದದ್ದು ಕಡಿಮೆ. ಅವಳ ಕಾಲು ಹಿಡಿದೆ, ಬೈದೆ, ಊಟ ಬಿಟ್ಟೆ. ಅವಳು ಬಡಿಸಿ ಇಟ್ಟು ಹೋದಳು.

ಒಬ್ಬರ ರುಚಿ ಇನ್ನೊಬ್ಬರು ಹೇಳಕೂಡದು. ಸರಿ, ಹೇಳುವುದಿಲ್ಲ. ಆದರೆ ಚಿಟಿಕೆ ನನ್ನ ಕೈಯಲ್ಲಿದೆ. ನಮ್ಮ ವಾರ್ಡಿನ ಸರದಿಯ ಹಿಂದಿನ ದಿನ ಮಧ್ಯಾಹ್ನ ಹಸೀನಾಬಾನು ಮನೆಗೆ ಎರಡು ಕಿಲೋ ಸಕ್ಕರೆ ಹೊತ್ತುಕೊಂಡು ಹೋದೆ. ಅವಳು ನನ್ನ ಮುಖ ನೋಡಿ ಹೆಚ್ಚು ಕೇಳಲಿಲ್ಲ. “ಮಿಕ್ಸರ್‌ನಾಗ ಮಸಾಲಿ ವಾಸನಿ ಐತಿ, ತಡೀರಿ, ತೊಳೀತೀನಿ” ಅಂದಳು. ತೀರ ನುಣ್ಣಗಾದರೆ ಹಿಟ್ಟಿನಂತೆ ಕಾಣುತ್ತದೆ, ಉಪ್ಪಿನ ತರಿ ಬರುವುದಿಲ್ಲ. ಗುಂಡಿ ಒತ್ತಿ ಬಿಟ್ಟು, ಒತ್ತಿ ಬಿಟ್ಟು ನಾಲ್ಕು ಸಲ ಮಾಡಿದೆವು. ಚಾವಡಿಯ ಉಪ್ಪಿನ ಭರಣಿಯನ್ನು ತೊಳೆದು ಒರೆಸಿ ಅದನ್ನು ತುಂಬಿದೆ. ನನ್ನ ಯೋಚನೆ ಇಷ್ಟೇ ಇತ್ತು: ಇಡೀ ವಾರ್ಡು ಸುಳ್ಳು ಹೇಳುವುದನ್ನು ಇಡೀ ವಾರ್ಡಿಗೇ ತೋರಿಸಬೇಕು. ಆಮೇಲೆ ಚೀಟಿಗೆ ಬೆಲೆ ಇರುವುದಿಲ್ಲ, ಚೀಟಿಗೆ ಬೆಲೆ ಇಲ್ಲದಿದ್ದರೆ ನೀಲಾ ಸಾಯಬೇಕಾಗಿಲ್ಲ.

ಬೆಳಿಗ್ಗೆ ಆರಕ್ಕೆ ಶುರು. ಮುನ್ನೂರ ಹದಿನಾಲ್ಕು ಜನ. ಕೊನೆಯವರ ಸರದಿ ಮುಗಿದು ಚೀಟಿಗಳಿಗೆಲ್ಲ ಒಟ್ಟಿಗೆ ಠಸ್ಸೆ ಬೀಳುವವರೆಗೆ ಯಾರೂ ಅಂಗಳ ದಾಟುವಂತಿಲ್ಲ, ನೀರು ಬಿಟ್ಟು ಬೇರೇನೂ ಬಾಯಿಗೆ ಹಾಕುವಂತಿಲ್ಲ. ಅದು ಹಿಂದಿನಿಂದ ಬಂದ ಪದ್ಧತಿ. ಅವತ್ತು ನನ್ನನ್ನು ಕಾಪಾಡಿದ್ದು ಅದೇ: ಮನೆಗೆ ಹೋಗಿ ನಿಜವಾದ ಉಪ್ಪು ನೆಕ್ಕಿ ನೋಡಲು ಯಾರಿಗೂ ಆಗುತ್ತಿರಲಿಲ್ಲ. ಮೊದಲು ಬಂದವನು ಗರಡಿಯ ಪರಸಪ್ಪ, ಬಾಗಿಲಿಗೆ ಅಡ್ಡ ನಿಂತರೆ ಬೆಳಕು ಬಾರದಂಥ ಆಳು. ನಾಲಿಗೆ ಮೇಲೆ ಚಿಟಿಕೆ ಬಿದ್ದದ್ದೇ ಅವನ ಕಣ್ಣು ಅಗಲವಾಯಿತು. ರಾತ್ರಿ ಉಂಡ ರೊಟ್ಟಿ ಚಟ್ನಿಯಲ್ಲಿ ಏನೂ ವ್ಯತ್ಯಾಸ ಇರಲಿಲ್ಲ, ಇವತ್ತು ಬೆಳಿಗ್ಗೆ ಹೀಗೆ ಎಂದುಕೊಂಡಿರಬೇಕು. “ಉಪ್ಪು” ಎಂದು ಕೂಗಿದ. ಹೋಗಿ ಕಟ್ಟೆಯ ಮೇಲೆ ಕೂತವನು ಎರಡೂ ಕೈಯಿಂದ ಮೊಣಕಾಲು ಒತ್ತಿ ಹಿಡಿದುಕೊಂಡ.

ಹೀಗೇ ಒಬ್ಬರಾದ ಮೇಲೆ ಒಬ್ಬರು. ಬೆದರಿದ ಕಣ್ಣು, ಒಂದು ಗುಟುಕು, ‘ಉಪ್ಪು’. ಗಂಡ ಹೇಳಿ ಹೋಗಿ ಕೂರುತ್ತಿದ್ದ, ಹೆಂಡತಿ ಹೇಳಿ ಅವನ ಪಕ್ಕ ಕೂರುತ್ತಿದ್ದಳು, ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಹೋದ ಜ್ಯೇಷ್ಠದಲ್ಲಿ ಮದುವೆಯಾದ ಒಂದು ಹುಡುಗಿ ಮೂರು ಎಣಿಸಿದರೂ ಬಾಯಿ ಬಿಡಲಿಲ್ಲ. ಕಣ್ಣಿಂದ ನೀರು ಇಳಿಯುತ್ತಿದ್ದ ಹಾಗೇ “ಉಪ್ಪು ರೀ” ಅಂದಳು. ಅಲ್ಲಿಗೆ ನಿಲ್ಲಿಸಿಬಿಡಬೇಕು ಅನ್ನಿಸಿತು. ನಾನು ಮಾಡುತ್ತಿದ್ದುದು ಹಿಂಸೆ, ಅದರಲ್ಲಿ ಎರಡು ಮಾತಿಲ್ಲ. ಮುನ್ನೂರು ಜನರ ಕುತ್ತಿಗೆಗೆ ಒಂದು ಹೊತ್ತು ಹಗ್ಗ ಬಿಗಿದು ಕೂತಿದ್ದೆ. ನಿಲ್ಲಿಸಲಿಲ್ಲ. ಸಿಹಿ ಎಂದ ನಾಲ್ವರಲ್ಲಿ ಎಂಬತ್ತು ದಾಟಿದ ಕಾಶವ್ವ ಒಬ್ಬಳು; ಬೊಚ್ಚುಬಾಯಿ ಚಪ್ಪರಿಸಿ, “ಸಿಹಿ ಐತಪಾ. ಬರ್ಕೋ ಬಿಡು, ನಂದೇನು ಮದುವಿ ನಿಂತೈತೇನು?” ಅಂದಳು. ಜನ ನಗಲಿಲ್ಲ. ಬೇರೆ ದಿನವಾಗಿದ್ದರೆ ನಗುತ್ತಿದ್ದರು.

ಒಂಬತ್ತು ಗಂಟೆಯ ಹೊತ್ತಿಗೆ ಇರುವೆ ಬಂದವು. ನಾನು ಎಲ್ಲವನ್ನೂ ಯೋಚಿಸಿದ್ದೆ, ಇರುವೆಯನ್ನು ಯೋಚಿಸಿರಲಿಲ್ಲ. ಮೇಜಿನ ಕಾಲಿನಿಂದ ಹತ್ತಿ ಸಾಲುಗಟ್ಟಿ ಭರಣಿಯತ್ತ ಹೊರಟಿದ್ದವು. ಅಂಗೈಯಿಂದ ಒರೆಸಿದೆ, ಮತ್ತೆ ಬಂದವು. ಹಸೀನಾ ಒಂದು ತಟ್ಟೆಯಲ್ಲಿ ನೀರು ತಂದು ಭರಣಿಯನ್ನು ಅದರೊಳಗೆ ಇಟ್ಟಳು. ಅಷ್ಟರಲ್ಲಿ ಸಾಲಿನಲ್ಲಿ ಶಿವಪುತ್ರಪ್ಪ ಎದುರಿಗೆ ಬಂದಿದ್ದರು. ತಟ್ಟೆಯನ್ನು ನೋಡಿದರು. “ಉಪ್ಪಿಗ್ಯಾಕ ನೀರಿನ ತಟ್ಟಿ, ರಾಚಪ್ಪ?” “ಸೆಕಿ ಭಾಳ ಐತ್ರಿ, ಭರಣಿ ತಣ್ಣಗಿರ್ಲಿ ಅಂತ” ಎಂದು ಬಾಯಿಗೆ ಬಂದದ್ದು ಹೇಳಿ ಚಮಚ ಎತ್ತಿದೆ. ಅವರು ನಾಲಿಗೆ ಚಾಚಿದರು. ಆಮೇಲೆ ತಟ್ಟೆ, ನೀರು, ಇರುವೆ ಯಾವುದೂ ಅವರಿಗೆ ಬೇಕಾಗಲಿಲ್ಲ. ಮುಖ ಬೂದಿಯಾಯಿತು. “ಉಪ್ಪು” ಅಂದರು. ತುಸು ತಡೆದು, ಯಾರೂ ಕೇಳದಿದ್ದರೂ, “ಚಲೋ ಉಪ್ಪು” ಅಂದರು.

ನೀಲಾ ಬಂದಾಗ ಹನ್ನೊಂದಾಗಿತ್ತು. ಹಿಂದೆ ಸುವರ್ಣಾ ನಿಂತಿದ್ದಳು. ನಾನು ಚಮಚ ಎತ್ತಿದೆ. ಅವಳು ನನ್ನ ಮುಖವನ್ನೇ ನೋಡುತ್ತ ನಾಲಿಗೆ ಚಾಚಿದಳು. ಅಷ್ಟು ಹೊತ್ತು ಕಂಡ ಮುಖಗಳಲ್ಲಿ ಬೆರಳೆಣಿಕೆಯಷ್ಟು ಬಿಟ್ಟರೆ ಉಳಿದವೆಲ್ಲ ಬೆಚ್ಚಿದ್ದವು, ಇವಳು ಬೆಚ್ಚಲಿಲ್ಲ. ಏನು ಬರುತ್ತದೆಂದು ಗೊತ್ತಿದ್ದವಳ ಹಾಗೆ ನುಂಗಿ, “ಉಪ್ಪು” ಅಂದಳು, ಅಂಗಡಿಯಲ್ಲಿ ಸಾಮಾನು ಹೇಳುವಷ್ಟು ಸಲೀಸಾಗಿ. ಅಲ್ಲಿಯವರೆಗೆ ಒಂದು ಮೂಲೆಯಲ್ಲಿ ನಾನು ಇಟ್ಟುಕೊಂಡಿದ್ದ ಸಣ್ಣ ಆಸೆ ಅಲ್ಲಿಗೆ ಮುಗಿಯಿತು. ಸುವರ್ಣಾ ಮಾತ್ರ ಬೆಚ್ಚಿದಳು, ತಾಯಿಯ ಕಡೆ ತಿರುಗಿದಳು, ಆಮೇಲೆ ಅವಳೂ ಉಪ್ಪು ಅಂದಳು.

ಮಧ್ಯಾಹ್ನ ಹನ್ನೆರಡಕ್ಕೆ ಕೊನೆಯವರು ಮುಗಿದರು. ಠಸ್ಸೆಗಾಗಿ ಎಲ್ಲರೂ ಎದ್ದು ನಿಂತರು. ನಾನು ಬೆಂಚಿನ ಮೇಲೆ ಹತ್ತಿದೆ. ಭಾಷಣ ಎಲ್ಲ ಬಾಯಿಪಾಠ ಮಾಡಿಕೊಂಡಿದ್ದೆ, ಒಂದೂ ನೆನಪಿಗೆ ಬರಲಿಲ್ಲ. “ಇದು ಉಪ್ಪಲ್ಲ. ಸಕ್ರಿ” ಅಂದೆ.

ಯಾರಿಗೂ ಅರ್ಥವಾಗಲಿಲ್ಲ. ಪರಸಪ್ಪ ಬಂದು ಭರಣಿಯೊಳಗೆ ಕೈ ಹಾಕಿ ಒಂದು ಹಿಡಿ ಬಾಯಿಗೆ ಹಾಕಿಕೊಂಡ. ಹಸೀನಾ ಅಂಗಡಿಯ ಒಂದು ಉಪ್ಪಿನ ಪೊಟ್ಟಣ ಒಡೆದು ಅವನ ಅಂಗೈಗೆ ಸುರಿದಳು. ಅದನ್ನು ನೆಕ್ಕಿ ಮುಖ ಕಿವುಚಿದ, ಮರುಕ್ಷಣ ಮಗುವಿನ ಹಾಗೆ ಅಳತೊಡಗಿದ, ಅಳುತ್ತಲೇ ಬಂದು ನನ್ನ ಅಂಗಿಯ ಕೊರಳು ಹಿಡಿದು ಬೆಂಚಿನಿಂದ ಎಳೆದು ಕೆಳಗೆ ಹಾಕಿದ. “ಜೀವಾ ತಗದಿದ್ದಿ ಹಲ್ಕಟ್ಟಾ!” ಬಾಯಿಗೆ ಬಂದ ಬೈಗುಳವೆಲ್ಲ ಬಂದವು, ಎರಡು ಏಟೂ ಬಿದ್ದವು. ಅಂಗಳದ ತುಂಬ ಜನ ನಗುತ್ತಿದ್ದರು, ತಬ್ಬಿಕೊಳ್ಳುತ್ತಿದ್ದರು, ಆ ಹೊಸ ಮದುವೆಯ ಹುಡುಗಿ ಗಂಡನ ಎದೆಗೆ ಗುದ್ದುತ್ತಿದ್ದಳು. ನಾನು ನೆಲದ ಮೇಲೆ ಬಿದ್ದಲ್ಲಿಂದಲೇ ನೋಡಿದೆ. ಆ ಗದ್ದಲದ ನಡುವೆ ಅಲ್ಲೊಬ್ಬರು ಇಲ್ಲೊಬ್ಬರು ನಗದೆ ಕೂತಿದ್ದರು. ಅವರಿಗೆ ಸಮಾಧಾನವಾಗಿರಲಿಲ್ಲ. ಬೆಳಿಗ್ಗೆ ಬೆಚ್ಚಿಬೀಳದೆ ಉಪ್ಪು ಎಂದವರು ಇವರೇ. ಆರು ಮುಖ ಎಣಿಸಿದೆ. ಏಳನೆಯದು ಕಂಬಕ್ಕೆ ಒರಗಿ ಕೂತಿದ್ದ ನೀಲಾಳದು. ಸುವರ್ಣಾ ನಗುನಗುತ್ತ ತಾಯಿಯ ಕಡೆ ತಿರುಗಿದಳು, ನೋಡಿದಳು, ಅವಳ ನಗು ಅಲ್ಲೇ ನಿಂತಿತು.

ನಾನು ಎದ್ದು ಧೂಳು ಜಾಡಿಸಿಕೊಂಡೆ. “ಮುನ್ನೂರಾ ಹದಿನಾಲ್ಕು ಮಂದ್ಯಾಗ ಸಕ್ರಿಗೆ ಸಿಹಿ ಅಂದವರು ನಾಕು ಮಂದಿ. ಏಳು ವರ್ಷ ನಾ ಬರಕೊಂಡ ಕುಂತಿದ್ದು ಇದನ್ನ. ಚೀಟಿ ತಂದಾಂವ ನಾನು, ಮೊದಲ ತಪ್ಪು ನಂದು.” ಹಸೀನಾ ತನ್ನ ಪುಸ್ತಕ ತೆರೆದು ಮೂರು ವರ್ಷದಲ್ಲಿ ನಮ್ಮ ವಾರ್ಡಿನಲ್ಲಿ ಕ್ಯಾನ್ಸರ್‌ನಿಂದ ಹೋದ ಐದು ಜನರ ಹೆಸರು ಓದಿದಳು, ಪ್ರತಿ ಹೆಸರಿನ ಹಿಂದೆ ಅವರಿಗೆ ಚೀಟಿ ಕೊಟ್ಟ ತಾರೀಖು ಓದಿದಳು. ಮೂರನೇ ಹೆಸರಿಗೆ ನಿಂತಿದ್ದವರು ಒಬ್ಬೊಬ್ಬರಾಗಿ ಕೂತರು. ನಾನು ಪೊಟ್ಟಣದ ಉಪ್ಪನ್ನು ಬಟ್ಟಲಿಗೆ ಸುರಿದು ಮೇಜಿನ ಮೇಲಿಟ್ಟೆ. “ಈಗ ಖರೇ ಉಪ್ಪು ಐತಿ. ಬರೂವರು ಬರ್ರಿ” ಅಂದೆ.

ಯಾರೂ ಬರಲಿಲ್ಲ. ಶಿವಪುತ್ರಪ್ಪ ಧೋತರ ಸರಿಮಾಡಿಕೊಂಡು ಮುಂದೆ ಬಂದರು. “ಯಾರೂ ಏಳಬ್ಯಾಡ್ರಿ. ಇವನ ಕೆಲಸ ತಗಸೂತನ ಈ ಚಾವಡಿಯಾಗ ಉಪ್ಪು ಹಾಕೂದಿಲ್ಲ.” ಒಂದಿಬ್ಬರು ಬಾಗಿಲ ಕಡೆ ಹೊರಟೂ ಬಿಟ್ಟರು. ಮುಗಿಯಿತು ಅಂದುಕೊಂಡೆ. ಇಷ್ಟು ಜನರನ್ನು ಹಿಂಸಿಸಿ, ಮಗಳ ಮದುವೆ ಕೆಡಿಸಿ, ಕೊನೆಗೆ ನೀಲಾಳನ್ನೂ ಉಳಿಸಿಕೊಳ್ಳಲಿಲ್ಲ.

ಆಗ ಕಂಬದ ಬುಡದಲ್ಲಿ ಬಳೆ ಸದ್ದಾಯಿತು. ನೀಲಾ ಎದ್ದಿದ್ದಳು. ಸುವರ್ಣಾ ಅವಳ ಸೆರಗು ಹಿಡಿದಿದ್ದಳು. ತಡೆಯಲು ಹಿಡಿದಳೋ ಜೊತೆಗೆ ಬರಲು ಹಿಡಿದಳೋ, ಇಬ್ಬರೂ ಒಟ್ಟಿಗೇ ಮೇಜಿನ ಹತ್ತಿರ ಬಂದರು. “ಹಾಕ್ರಿ” ಅಂದಳು ನೀಲಾ. ಹಾಕಿದೆ. ಮೂರು ಎಣಿಸುವವರೆಗೆ ಕಾಯಲಿಲ್ಲ ಅವಳು. “ಸಿಹಿ ಐತಿ. ಇಪ್ಪತ್ತೈದು ದಿನಾ ಆತು. ಪೂರಾ ಹೆಸರು ಬರೀರಿ, ಬರೇ ನೀಲಾ ಅಂತ ಬರದೀರಿ ಮತ್ತ.” ನಾನು ಬರೆದೆ. ಅಕ್ಷರ ಸೊಟ್ಟಪಟ್ಟ ಬಿದ್ದವು. ಅವಳು ಶಿವಪುತ್ರಪ್ಪನವರ ಕಡೆ ತಿರುಗಿದಳು. “ಬೀಗರ, ನನ್ನ ಚೀಟಿ ಇಲ್ಲ. ಮಗಳು ಅದಾಳ. ಬೇಕಾದ್ರ ಹೇಳ್ರಿ, ಬ್ಯಾಡಾದ್ರೂ ಹೇಳ್ರಿ.” ಸಕ್ಕರೆಗೆ ‘ಚಲೋ ಉಪ್ಪು’ ಎಂದಿದ್ದವರು ಮತ್ತೆ ಧೋತರ ಸರಿಮಾಡಿಕೊಂಡರು. ಅವರು ಹಾಗೇ ನಿಂತಿರುವಾಗ ಹೆಂಗಸರ ಗುಂಪಿನಿಂದ ಅವರ ಹೆಂಡತಿ ಶಾರವ್ವ ಎದ್ದು, ಗಂಡನ ಮುಂದೆಯೇ ಹಾದು ಬಂದು, ನೀಲಾಳ ಹಿಂದೆ ನಿಂತರು. ನಾನು ಎಣಿಸಿದ ಆರು ಮುಖಗಳಲ್ಲಿ ಅವರದೂ ಒಂದು.

ಸಂಜೆಯ ಹೊತ್ತಿಗೆ ಪುಸ್ತಕಕ್ಕೆ ಏಳು ಹೆಸರು ಬಂದವು. ಸುದ್ದಿ ಹಬ್ಬಿ ಉಳಿದ ವಾರ್ಡುಗಳಲ್ಲೂ ಜನ ಬಾಯಿ ಬಿಟ್ಟರು. ಪುರಸಭೆ ನನ್ನನ್ನು ನಾಲ್ಕು ತಿಂಗಳು ಅಮಾನತಿನಲ್ಲಿಟ್ಟಿತು, ಶಾಲು ವಾಪಸ್ ಕೇಳಿತು. ಅದು ಆಗಲೇ ಉಪ್ಪಿನಕಾಯಿ ಭರಣಿಗೆ ಸುತ್ತಿ ಕಲೆಯಾಗಿತ್ತು, ಹಾಗೇ ಕೊಟ್ಟೆ. ಚೀಟಿ ನಿಂತಿತು. ಆ ವರ್ಷದ ಗೆರೆ ಎಷ್ಟು ಮೇಲೆ ಹೋಯಿತೆಂದರೆ ಗ್ರಾಫ್ ಕಾಗದ ಸಾಲದೆ ಹಸೀನಾ ಸ್ಟೂಲ್ ಹತ್ತಿ ಮೇಲೆ ಇನ್ನೊಂದು ಹಾಳೆ ಅಂಟಿಸಬೇಕಾಯಿತು. ಊರು ಹಾಳಾಯಿತು ಎಂದು ಅಧ್ಯಕ್ಷರು ಭಾಷಣ ಮಾಡಿದರು. ಆಸ್ಪತ್ರೆಯಲ್ಲಿ ಮಂಚ ಸಾಲದೆ ವರಾಂಡದಲ್ಲಿ ಹಾಕಿದರು, ಕಲ್ಯಾಣ ಮಂಟಪದ ಮಾತು ಯಾರೂ ಎತ್ತಲಿಲ್ಲ. ಮದುವೆ ವೈಶಾಖದಿಂದ ಮುಂದಕ್ಕೆ ಹೋಯಿತು. ಇಬ್ಬರು ಬೀಗಿತಿಯರೂ ಅಕ್ಕಪಕ್ಕದ ಮಂಚದಲ್ಲಿ ಮಲಗಿಕೊಂಡು ಮುಂದಿನ ತಾರೀಖಿನ ಬಗ್ಗೆ ಜಗಳವಾಡುತ್ತಿದ್ದರು.

ನೀಲಾಳ ಎಡಗಡೆಯ ಎದೆಗೆ ಆಪರೇಶನ್ ಆಯಿತು, ಆಮೇಲೆ ತಿಂಗಳುಗಟ್ಟಲೆ ಔಷಧ. ಕೆಲಸವಿಲ್ಲದ ನಾನು ದಿನಾ ಅಡಿಗೆ ಮಾಡಿ ಡಬ್ಬಿ ಒಯ್ಯುತ್ತಿದ್ದೆ. ಜೀವಮಾನದಲ್ಲಿ ಒಲೆ ಹಚ್ಚದವನು. ಅವಳು ಒಂದು ದಿನವೂ ಹೆಸರಿಡಲಿಲ್ಲ. ಕಣ್ಣು ಮುಚ್ಚಿ ಎರಡು ತುತ್ತು ತಿಂದು, “ಪಾಯಸ ಚಲೋ ಆಗೈತ್ರಿ” ಎನ್ನುತ್ತಿದ್ದಳು, ನಾನು ತಂದದ್ದು ಬೇಳೆ ಸಾರು. ಶಾರವ್ವ ಪಕ್ಕದಿಂದ ನಗುತ್ತಿದ್ದರು. ಕೂದಲು ಹೋಯಿತು, ಮೈ ಇಳಿಯಿತು. ಪಾಯಸ ಪಾಯಸವಾಗಿಯೇ ಉಳಿಯಿತು. ವರಾಂಡದಲ್ಲಿ ನಾಲ್ಕನೇ ವಾರ್ಡಿನ ಏಳು ಜನರಲ್ಲಿ ಇಬ್ಬರು ಹೋದರು. ಪ್ರತಿ ದಿನ ಡಬ್ಬಿಯ ಮುಚ್ಚಳ ತೆಗೆಯುವಾಗ ನನಗೆ ಚಾವಡಿಯ ಮೂರು ಎಣಿಕೆಯೇ ನೆನಪಾಗುತ್ತಿತ್ತು.

ಫಾಲ್ಗುಣದ ಒಂದು ಮಧ್ಯಾಹ್ನ ಅವಳು ಮೊದಲ ತುತ್ತು ಬಾಯಿಗೆ ಹಾಕಿಕೊಂಡವಳು ತಡೆದಳು. ಮುಖ ಕಿವುಚಿತು. ಪಕ್ಕದ ಬಟ್ಟಲಿಗೆ ಉಗುಳಿದಳು. “ಥೂ! ಏನ್ರೀ ಇದು? ಎಷ್ಟರ ಉಪ್ಪು ಸುರದೀರಿ? ಒಂದ್ ಸಾರು ಮಾಡಾಕ ಬರೂದಿಲ್ಲೇನು ನಿಮಗ? ದಿನಾ ಹಿಂಗ ಮಾಡಿ ತಿನಸೀರೇನು ನನಗ?” ನಾನು ಡಬ್ಬಿ ಎತ್ತಿ ಕುಡಿದು ನೋಡಿದೆ. ನಿಜ, ಮರೆತು ಎರಡು ಸಲ ಹಾಕಿದ್ದೆ. ಬಾಯಿಗೆ ಇಡುವ ಹಾಗಿರಲಿಲ್ಲ. ಮಂಚದ ಕಾಲ ಬಳಿ ಕೂತುಬಿಟ್ಟೆ. “ಇನ್ನೊಮ್ಮೆ ಹೇಳು” ಅಂದೆ. ಅವಳು ಇನ್ನೊಮ್ಮೆ ಬೈದಳು.